ಕಾಲಲ್ಲಿ 4 ಬರೆಯುವ ಪಟ್ಟು

ಹೋದ ವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ಒಂದೇ ಮೊಬೈಲಿನಲ್ಲಿ ರೆಸ್ಲಿಂಗ್ ನೋಡುತ್ತಿದ್ದರು. ಒಬ್ಬ ಪೈಲ್ವಾನ ಇನ್ನೊಬ್ಬನ ಕಾಲಿಗೆ ಕಾಲು ಸುತ್ತಿ ಹಿಂದಕ್ಕೆ ಬಿದ್ದ. ಸಿಕ್ಕಿಕೊಂಡವನು ನೆಲ ಗುದ್ದಿಕೊಂಡು ಕಿರುಚಿದ. “ಅಷ್ಟೊಂದು ಎಲ್ಲಿ ನೋಯುತ್ತೆ ಬಿಡೋ, ಸುಮ್ನೆ ನಾಟಕ” ಅಂದ ಒಬ್ಬ. ನನಗೆ ಬಾಯಿ ಮುಚ್ಚಿಕೊಂಡು ಇರಲು ಆಗಲಿಲ್ಲ. “ನೋಯುತ್ತೆ ಕಣಪ್ಪ, ನಂಗೊತ್ತು” ಅಂದೆ. ಇಬ್ಬರೂ ನನ್ನ ಹೊಟ್ಟೆ ನೋಡಿ ನಕ್ಕರು.

ಆ ಪಟ್ಟಿನ ಹೆಸರು ಫಿಗರ್ ಫೋರ್ ಲೆಗ್‌ಲಾಕ್. ಕೇಬಲ್ ಟೀವಿ ಬಂದ ಕಾಲದಲ್ಲಿ ರೆಸ್ಲರ್‌ಗಳ ಚಿತ್ರದ ಟ್ರಂಪ್ ಕಾರ್ಡ್ ಕೂಡಿಟ್ಟವರಿಗೆಲ್ಲ ಇದು ಗೊತ್ತು. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರಿಗೆ ಮಾತ್ರ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಮಟ್ಟಿ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದರೆ ಮುಗಿಯಿತು. ಬಿದ್ದವನನ್ನು ಮತ್ತೆ ನೋಯಿಸಿ ‘ಸಾಕು’ ಅನ್ನಿಸುವ ಕೆಲಸ ಅಲ್ಲಿಲ್ಲ. ಇಲ್ಲಿ ಆಟ ಶುರುವಾಗುವುದೇ ಅವನು ಬಿದ್ದ ಮೇಲೆ.

ಪಟ್ಟಿಗೆ ಹೆಸರು ತಂದವನು ಅಮೆರಿಕದ ಬಡ್ಡಿ ರೋಜರ್ಸ್. ಟೀವಿಯಲ್ಲಿ ರೆಸ್ಲಿಂಗ್ ತೋರಿಸುವ ಈಗಿನ ಡಬ್ಲ್ಯುಡಬ್ಲ್ಯುಇ ಕಂಪನಿಯ ಹಳೇ ಅವತಾರಕ್ಕೆ 1963ರಲ್ಲಿ ಮೊದಲ ಚಾಂಪಿಯನ್ ಆದವನು ಇವನೇ. ‘ನೇಚರ್ ಬಾಯ್’ ಅನ್ನುವ ಬಿರುದು, ಬ್ಲೀಚ್ ಮಾಡಿದ ಹೊಂಬಣ್ಣದ ಕೂದಲು, ಕೋಳಿ ಹುಂಜದ ನಡಿಗೆ, ಎಲ್ಲ ಅವನದ್ದು. ಮುಂದೆ ರಿಕ್ ಫ್ಲೇರ್ ಅನ್ನುವ ರೆಸ್ಲರ್ ಬಂದು ಬಿರುದು, ಕೂದಲು, ನಡಿಗೆ, ಪಟ್ಟು ನಾಲ್ಕನ್ನೂ ಒಟ್ಟಿಗೆ ಎತ್ತಿಕೊಂಡ. ನಡುವೆ ಜ್ಯಾಕ್ ಬ್ರಿಸ್ಕೊ ಅಂತ ಒಬ್ಬನಿದ್ದ. 1965ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ನಿಜವಾಗಿ ಗೆದ್ದು ಬಂದವನು. ಅವನು ಈ ಪಟ್ಟು ಹಾಕುವಾಗ ನಾಟಕ ಅನ್ನಲು ಬಾಯಿ ಬರುತ್ತಿರಲಿಲ್ಲ.

ಈಗ ಹಾಕುವುದು ಹೇಗೆ ನೋಡೋಣ. ಎರಡು ಹಾಸಿಗೆ ಜೋಡಿಸಿ. ಸಿಮೆಂಟು ನೆಲ, ಮೊಸಾಯಿಕ್ ಬೇಡವೇ ಬೇಡ. ಬರಿಗಾಲಲ್ಲಿರಿ. ಮಂಡಿ ನೋವಿನವರು ಕೂತು ನೋಡಿ, ಸಾಕು. ಜೊತೆಗಾರ ನೆಲ ತಟ್ಟಿದ ತಕ್ಷಣ ಬಿಡಬೇಕು, ಇದರಲ್ಲಿ ಚೌಕಾಶಿ ಇಲ್ಲ. ಮಂಡಿ ಹಿಂದೆ ಮುಂದೆ ಮಡಚಲು ಮಾಡಿದ ಕೀಲು. ಪಕ್ಕಕ್ಕೆ ತಿರುಚಿದರೆ ಅದು ಮುನ್ಸೂಚನೆ ಕೊಡದೆ ಕೈ ಕೊಡುತ್ತದೆ.

ಹೆಜ್ಜೆ 1. ಜೊತೆಗಾರ ಅಂಗಾತ ಮಲಗಲಿ. ನೀವು ಅವನ ಪಾದದ ಹತ್ತಿರ, ಅವನ ಮುಖ ನೋಡುತ್ತಾ ನಿಲ್ಲಿ. ಅವನ ಎಡಗಾಲಿನ ಪಾದದ ಗಿಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ.

ಹೆಜ್ಜೆ 2. ನಿಮ್ಮ ಎಡಗಾಲನ್ನು ಅವನ ಎರಡು ಕಾಲುಗಳ ನಡುವೆ ಊರಿ. ಹಿಡಿದ ಕಾಲು ಬಿಡದೆ, ಅದನ್ನು ದಾಟಿಕೊಂಡು ಒಂದು ಸುತ್ತು ತಿರುಗಿ. ಇದಕ್ಕೆ ಸ್ಪಿನ್ನಿಂಗ್ ಟೋ ಹೋಲ್ಡ್ ಅಂತ ಹೆಸರು. ಟೆಕ್ಸಾಸಿನ ಫಂಕ್ ಮನೆತನದವರು ಇದೊಂದರಲ್ಲೇ ಪಂದ್ಯ ಮುಗಿಸುತ್ತಿದ್ದರು. ತಿರುಗಿ ಮುಗಿಯುವ ಹೊತ್ತಿಗೆ ಅವನ ಎಡಗಾಲು ನಿಮ್ಮ ಕಾಲನ್ನು ಬಳಸಿಕೊಂಡು ಮಡಚಿರಬೇಕು. ಕಂಬಕ್ಕೆ ಹಗ್ಗ ಸುತ್ತಿದ ಹಾಗೆ. ಕಲಿಯುವವರೆಲ್ಲ ಎಡವುವುದು ಇಲ್ಲೇ. ಅವಸರದಲ್ಲಿ ತಿರುಗಿದರೆ ಹಿಡಿದ ಪಾದ ಕೈ ಜಾರುತ್ತದೆ, ಇಲ್ಲವೇ ನೀವೇ ಅವನ ಮೇಲೆ ಬೀಳುತ್ತೀರಿ. ಮೊದಲ ಹತ್ತು ಸಲ ಜೊತೆಗಾರನ ಬದಲು ಉದ್ದನೆಯ ದಿಂಬು ಇಟ್ಟುಕೊಂಡು ತಿರುಗಿ ಅಭ್ಯಾಸ ಮಾಡಿ. ಮನೆಯವರು ನಗುತ್ತಾರೆ, ನಗಲಿ.

ಹೆಜ್ಜೆ 3. ಮಡಚಿದ ಎಡಗಾಲನ್ನು ಅವನ ಬಲಗಾಲಿಗೆ ಅಡ್ಡ ತನ್ನಿ, ಮಂಡಿಗಿಂತ ಸ್ವಲ್ಪ ಮೇಲೆ. ಬಲಗಾಲು ನೆಟ್ಟಗಿರಲಿ. ಮೇಲಿಂದ ನೋಡಿದರೆ ಇಂಗ್ಲಿಷಿನ 4 ಕಾಣಬೇಕು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುವ ಯಜಮಾನರ ಭಂಗಿ ಅನ್ನಿ. ನಮ್ಮ ಕನ್ನಡದ ೪ ಬರುವುದು ಆಮೇಲೆ, ಇಬ್ಬರ ನಾಲ್ಕೂ ಕಾಲು ಸೇರಿ ಕಗ್ಗಂಟಾದಾಗ.

ಹೆಜ್ಜೆ 4. ಮೆಲ್ಲಗೆ ಕೂತು ಹಿಂದಕ್ಕೆ ಒರಗಿ. ನಿಮ್ಮ ಇನ್ನೊಂದು ಕಾಲನ್ನು ಮೇಲಿಂದ ತಂದು ಅವನ ಪಾದ ಜಾರದ ಹಾಗೆ ಕೊಕ್ಕೆ ಹಾಕಿ. ಅಷ್ಟೇ, ಬೀಗ ಬಿತ್ತು. ಕೈ ಹಿಂದಕ್ಕೆ ಊರಿ ಸೊಂಟ ಒಂದಿಂಚು ಎತ್ತಿ ನೋಡಿ. ಜೊತೆಗಾರನ ಮುಖ ನೋಡಿದರೆ ಗೊತ್ತಾಗುತ್ತದೆ.

ಹೆಸರಿಗೆ ಇದು ಮಂಡಿಯ ಪಟ್ಟು. ನೋವು ಜಾಸ್ತಿ ಆಗುವುದು ಮಂಡಿಯ ಕೆಳಗಿನ ಮೂಳೆಗೆ. ಮಂಚದ ತುದಿಗೆ ಕಾಲು ಬಡಿದುಕೊಂಡಾಗ ಜೀವ ಹೋಗುತ್ತದಲ್ಲ, ಆ ಜಾಗ. ಅಲ್ಲಿ ಮಾಂಸ ಇಲ್ಲ, ಮೂಳೆಗೆ ಮೂಳೆ ಒತ್ತುತ್ತದೆ. ಅದಕ್ಕೇ ವೃತ್ತಿಯವರು ಪಟ್ಟನ್ನು ಪೂರ್ತಿ ಬಿಗಿಯುವುದಿಲ್ಲ, ಸ್ವಲ್ಪ ಸಡಿಲ ಬಿಡುತ್ತಾರೆ. ಉಳಿದದ್ದು ಕೆಳಗಿರುವವನ ಕೆಲಸ. ಆ ಕಸುಬಿನಲ್ಲಿ ಇದಕ್ಕೆ ‘ಸೆಲ್’ ಮಾಡುವುದು ಅನ್ನುತ್ತಾರೆ, ನೋವನ್ನು ಮಾರುವುದು. ನನ್ನ ಕೇಳಿದರೆ ಈ ಪಟ್ಟಿನಲ್ಲಿ ನೋಡಬೇಕಾದವನು ಹಾಕಿದವನಲ್ಲ, ಸಿಕ್ಕಿಕೊಂಡವನು. ಹಾಕಿದವನಿಗೆ ಒರಗಿ ಕೂರುವುದು ಬಿಟ್ಟು ಬೇರೇನು ಕೆಲಸ? ಸಿಕ್ಕಿಕೊಂಡವನು ಕೂದಲು ಕಿತ್ತುಕೊಳ್ಳಬೇಕು, ರಿಂಗಿನ ಸುತ್ತ ಕಟ್ಟಿದ ಹಗ್ಗ ಎಷ್ಟು ದೂರ ಅಂತ ನೋಡಬೇಕು, ಕೊನೇ ಸಾಲಿನಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತವನಿಗೂ ನೋವು ತಲುಪಿಸಬೇಕು.

ಅವನಿಗೆ ಇನ್ನೊಂದು ಸಂಕಟವೂ ಇದೆ. ನೋವಿಗೆ ಅಂಗಾತ ಬಿದ್ದರೆ ಎರಡೂ ಭುಜ ನೆಲಕ್ಕೆ ತಾಗುತ್ತವೆ. ರೆಫರಿ ಒಂದು, ಎರಡು ಅಂತ ಎಣಿಸಲು ಶುರು ಮಾಡುತ್ತಾನೆ. ಮೂರು ಅನ್ನುವ ಮುಂಚೆ ಭುಜ ಎತ್ತಬೇಕು. ಎದ್ದು ಕೂತರೆ ಕಾಲು ನೋಯುತ್ತದೆ, ಮಲಗಿದರೆ ಪಂದ್ಯ ಹೋಗುತ್ತದೆ. ಆ ಕಡೆ ಫ್ಲೇರ್‌ನಂಥ ಕಿಲಾಡಿ ರೆಫರಿ ಕಣ್ಣು ತಪ್ಪಿಸಿ ಹಿಂದಿನ ಹಗ್ಗ ಹಿಡಿದು ಜಗ್ಗುತ್ತಿರುತ್ತಾನೆ. ರೆಫರಿ ತಿರುಗಿದ ತಕ್ಷಣ ಕೈ ಬಿಟ್ಟು ಏನೂ ಗೊತ್ತಿಲ್ಲದವನ ಮುಖ ಮಾಡುತ್ತಾನೆ.

ಬಿಡಿಸಿಕೊಳ್ಳಲು ಸುಲಭದ ದಾರಿ ಹಗ್ಗ. ಕೈ ತಾಗಿಸಿದರೆ ರೆಫರಿ ಐದು ಎಣಿಸುವುದರೊಳಗೆ ಪಟ್ಟು ಬಿಡಬೇಕು. ಹೆಜ್ಜೆ 2ರಲ್ಲಿ ತಿರುಗುವಾಗ ಹಾಕುವವನ ಬೆನ್ನು ಕಾಣುತ್ತದಲ್ಲ, ಆಗ ಬಿಡುವಾಗಿರುವ ಕಾಲಿನಿಂದ ಕುಂಡೆಗೆ ಒದ್ದರೆ ಹೋಗಿ ಮೂಲೆಗೆ ಬೀಳುತ್ತಾನೆ. ಮೂರನೆಯ ದಾರಿ ನಾನು ಮೈ ಮೇಲೆ ಕಲಿತದ್ದು.

ಗುಬ್ಬಿ ಕಡೆ ನಮ್ಮೂರು. ಬೇಸಿಗೆ ರಜ. ಬಣವೆ ಪಕ್ಕ ರಾಗಿ ಹುಲ್ಲು ಹರಡಿಕೊಂಡು ಚಿಕ್ಕಪ್ಪನ ಮಗನಿಗೆ ಈ ಪಟ್ಟು ಹಾಕಿದೆ. ನನಗಿಂತ ಒಂದು ವರ್ಷ ಚಿಕ್ಕವನು, ಮೈಯಲ್ಲಿ ನನ್ನ ಒಂದೂವರೆಯಷ್ಟು. “ಬಿಡಣ್ಣ, ಸಾಕು ಕಣಣ್ಣ” ಅಂದ. ನಾನು ಬಿಡಲಿಲ್ಲ. “ಸೋತೆ ಅನ್ನು, ಬಿಡ್ತೀನಿ” ಅಂದೆ. ಅವನು ಸೋತೆ ಅನ್ನಲಿಲ್ಲ. ಹಲ್ಲು ಕಚ್ಚಿ ಮಗ್ಗುಲಿಗೆ ಹೊರಳಿದ. ಅವನ ಜೊತೆ ನಾನೂ ಹೊರಳಿದೆ, ಕಾಲು ಬೀಗ ಬಿದ್ದಿತ್ತಲ್ಲ. ಇಬ್ಬರೂ ಬೋರಲಾದೆವು. ಅಷ್ಟೇ ನೋಡಿ, ಅಷ್ಟೂ ಭಾರ ನನ್ನ ಮಂಡಿಗೆ ಬಂತು. ಹುಲ್ಲಿನಲ್ಲಿ ಮುಖ ಹುದುಗಿ ನಾನು ಅರಚಿದ್ದಕ್ಕೆ ಅಜ್ಜಿ ಮೊರ ಬಿಸಾಕಿ ಓಡಿ ಬಂದರು. ರೆಸ್ಲಿಂಗಿನಲ್ಲಿ ನಂಬುವುದೂ ಇದನ್ನೇ. ಬೋರಲು ಹೊರಳಿದರೆ ನೋವು ಹಾಕಿದವನಿಗೇ ವಾಪಸ್. ಹತ್ತು ದಿನ ಹರಳೆಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದೆ.

ಇದರಲ್ಲಿ ಬಗೆಗಳೂ ಇವೆ. ಬ್ರೆಟ್ ಹಾರ್ಟ್ ಅನ್ನುವ ರೆಸ್ಲರ್ ಎದುರಾಳಿಯನ್ನು ರಿಂಗಿನ ಮೂಲೆ ಕಂಬಕ್ಕೆ ಎಳೆದು, ಕಂಬ ಎರಡು ಕಾಲಿನ ನಡುವೆ ಬರುವಂತೆ ಮಾಡಿ, ತಾನು ಹೊರಗಡೆಯಿಂದ ಪಟ್ಟು ಹಾಕಿ ತಲೆಕೆಳಗಾಗಿ ಜೋತು ಬೀಳುತ್ತಿದ್ದ. ನಿಯಮಕ್ಕೆ ವಿರುದ್ಧ, ನೋಡಲು ಭಯಂಕರ. ಮನೆಯಲ್ಲಿ ಕಂಬದ ಸುದ್ದಿಗೆ ಹೋಗಬೇಡಿ. ರಿಕ್ ಫ್ಲೇರ್ ಮಗಳು ಶಾರ್ಲಟ್ ಅಪ್ಪನ ಪಟ್ಟನ್ನು ಇನ್ನೊಂದು ಮೆಟ್ಟಿಲು ಹತ್ತಿಸಿದಳು. ಬೀಗ ಹಾಕಿದ ಮೇಲೆ ಅಂಗೈ ಊರಿ ಬೆನ್ನನ್ನು ಕಮಾನಿನಂತೆ ಬಾಗಿಸಿ ಸೊಂಟ ಎತ್ತುತ್ತಾಳೆ. ಹೆಸರು ಫಿಗರ್ ಎಯ್ಟ್. 2015ರ ಸೆಪ್ಟೆಂಬರಿನಲ್ಲಿ ನಿಕ್ಕಿ ಬೆಲ್ಲಾಳನ್ನು ಇದರಲ್ಲೇ ಸೋಲಿಸಿ ಚಾಂಪಿಯನ್ ಬೆಲ್ಟ್ ಗೆದ್ದಳು. ಯೋಗದಲ್ಲಿ ಚಕ್ರಾಸನ ಬರುವವರಿಗೆ ಅರ್ಧ ಕೆಲಸ ಆದಂತೆ.

ನನಗೆ ಎಲ್ಲಕ್ಕಿಂತ ಇಷ್ಟ ಜಪಾನಿನ ಕೇಜಿ ಮುಟೊ ಹಾಕಿದ್ದು. 1995ರ ಅಕ್ಟೋಬರ್ 9, ಟೋಕಿಯೊ ಡೋಮ್. ಎದುರಿಗೆ ನೊಬುಹಿಕೊ ತಕಾಡ. ‘ನಮ್ಮದೇ ಅಸಲಿ ಹೊಡೆದಾಟ’ ಅಂತ ಹೇಳಿಕೊಳ್ಳುತ್ತಿದ್ದ ಬಣದ ನಾಯಕ. ಮುಟೊ ಮೊದಲು ಅವನ ಕಾಲು ಹಿಡಿದು ತಿರುಚಿ ನೆಲಕ್ಕೆ ಉರುಳಿಸಿದ. ಅದು ಡ್ರ್ಯಾಗನ್ ಸ್ಕ್ರೂ. ಆಮೇಲೆ ಈ ಮುದಿ ಪಟ್ಟು ಹಾಕಿದ. ಅಸಲಿ ಹೊಡೆದಾಟದವನು, ಎಲ್ಲರೂ ನಾಟಕ ಅನ್ನುವ ಪಟ್ಟಿಗೆ ಸೋತ. ಅವಮಾನ ಮಾಡಿದರೆ ಹಾಗೆ ಮಾಡಬೇಕು, ಅಲ್ವಾ?

ಕೊನೆಗೆ ಯಾರೂ ಹೇಳದ ಹೆಜ್ಜೆ 5, ಬಿಡಿಸುವುದು. ಹಾಕಿದ್ದಕ್ಕೆ ಉಲ್ಟಾ ಬನ್ನಿ. ಮೊದಲು ಸೊಂಟ ಇಳಿಸಿ. ಆಮೇಲೆ ಕೊಕ್ಕೆ ಹಾಕಿದ ಕಾಲು ತೆಗೆಯಿರಿ. ಆಮೇಲೆ ಜೊತೆಗಾರನ ಮಡಚಿದ ಕಾಲನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ನೆಟ್ಟಗೆ ಮಾಡಿ. ನಿಮ್ಮ ಕಾಲು ಎಳೆದುಕೊಳ್ಳುವುದು ಕೊನೆಗೆ. ಇಬ್ಬರೂ ಒಟ್ಟಿಗೆ ಎಳೆದಾಡಿದರೆ ಗಂಟು ಇನ್ನೂ ಬಿಗಿಯುತ್ತದೆ. ಅವತ್ತು ನಮಗೆ ಆದದ್ದೂ ಅದೇ. ಅಜ್ಜಿಗೆ ಯಾವ ಕಾಲು ಯಾರದ್ದು ಅಂತ ತಿಳಿಯಲಿಲ್ಲ. ಒಂದೊಂದೇ ಪಾದ ಹಿಡಿದು ಚಿವುಟುತ್ತಾ ಹೋದರು. ಅಯ್ಯೋ ಅಂದವನ ಕಾಲನ್ನು ಎಳೆದು ಆಚೆ ಇಟ್ಟರು.