ಎಷ್ಟು ಎಂಎಂ ಇದೆ ಅಂತ ಕೇಳಿ: ಘಾಟಿ ಗಾಡಿಯ ಬ್ರೇಕ್ ಪ್ಯಾಡ್ 70 ಸಾವಿರ ಕಿಲೋಮೀಟರ್ ಬಂದ ನನ್ನ ಅನುಭವ

ಚಿಕ್ಕಮಗಳೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಘಾಟಿ ಓಡುವ ಗಾಡಿಗೆ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ 25 ಸಾವಿರ ಕಿಲೋಮೀಟರ್, ಹೆಚ್ಚೆಂದರೆ 30. ಮೊನ್ನೆ ನನ್ನ ಡಿಸೈರ್‌ನಿಂದ ಬಿಚ್ಚಿದ ಸೆಟ್ಟು 70 ಸಾವಿರದ ಹತ್ತಿರ ಓಡಿತ್ತು. ಹೈವೇ ಬಾಡಿಗೆ ಅಂದುಕೊಳ್ಳಬೇಡಿ. ಮುಳ್ಳಯ್ಯನಗಿರಿ, ಚಾರ್ಮಾಡಿ, ಹೊರನಾಡು, ಆಗುಂಬೆ, ವಾರಪೂರ್ತಿ ಇದೇ. "ಇವನು ಬ್ರೇಕೇ ಹಾಕಲ್ಲ, ಹಾರನ್ನಲ್ಲೇ ಓಡಿಸ್ತಾನೆ" ಅಂತ ಆಡಿಕೊಂಡವರಿಗೆ ತೋರಿಸೋಕೆ ಅಂತಲೇ ಆ ನಾಲ್ಕೂ ಪ್ಯಾಡನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ಕೂ ಒಂದೇ ಸಮ ಸವೆದಿವೆ, ಬೇಕಾದವರು ಬಂದು ಅಳೆದು ನೋಡಬಹುದು.

ಇದೆಲ್ಲ ಶುರುವಾಗಿದ್ದು ಅದರ ಹಿಂದಿನ ಸೆಟ್ಟಿನಲ್ಲಿ. ಆಗ ಪ್ಯಾಡ್ 24 ಸಾವಿರ ಓಡಿರಬೇಕು. ಮಾಮೂಲಿ ಸರ್ವಿಸಿಗೆ ಅಂತ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಮಧ್ಯಾಹ್ನ ಫೋನ್ ಬಂತು. "ಸರ್, ಮುಂದಿನ ಪ್ಯಾಡ್ ಮುಗಿದಿದೆ. ಡಿಸ್ಕ್‌ನಲ್ಲಿ ಗೆರೆ ಬಿದ್ದಿದೆ, ಎರಡೂ ಹಾಕಬೇಕು. ಹಿಂದಿನ ಶೂನೂ ಒಟ್ಟಿಗೇ ಮಾಡಿಬಿಟ್ರೆ ಒಳ್ಳೇದು." ಲೇಬರ್, ಕ್ಲೀನಿಂಗ್, ಫ್ಲೂಯಿಡ್ ಎಲ್ಲ ಸೇರಿ ಎಸ್ಟಿಮೇಟು 14 ಸಾವಿರದ ಆಸುಪಾಸು. ಅದು ನನ್ನ ಒಂದು ತಿಂಗಳ ಕಂತಿಗಿಂತ ಜಾಸ್ತಿ. ನಾನೇ ಹೋಗಿ ನೋಡಿದೆ. ಹಿಂದಿನ ದಿನ ಹೊರನಾಡಿನ ಕಡೆ ಮೆತ್ತಿಕೊಂಡಿದ್ದ ಕೆಂಪು ಮಣ್ಣು ವೀಲ್ ನಟ್ಟುಗಳ ಮೇಲೆ ಒಣಗಿ ಹಾಗೇ ಕೂತಿತ್ತು. ಒಂದು ನಟ್ಟಿಗೂ ಸ್ಪ್ಯಾನರ್ ತಾಗಿದ ಗುರುತಿಲ್ಲ. ಚಕ್ರ ಬಿಚ್ಚದೆ ಒಳಗಿನ ಪ್ಯಾಡ್ ಕಾಣುವುದಿಲ್ಲ, ಹಿಂದಿನ ಚಕ್ರದ ಡ್ರಮ್ ಬಿಚ್ಚದೆ ಅದರೊಳಗಿನ ಬ್ರೇಕ್ ಶೂ ಕಾಣುವುದಿಲ್ಲ. "ಎಷ್ಟು ಎಂಎಂ ಇದೆ?" ಅಂತ ಕೇಳಿದೆ. "20 ಪರ್ಸೆಂಟ್ ಇರಬಹುದು ಸರ್" ಅಂದ.

ಈ ಪರ್ಸೆಂಟ್ ಲೆಕ್ಕವನ್ನು ಯಾವತ್ತೂ ಒಪ್ಪಬೇಡಿ. ಹೊಸ ಪ್ಯಾಡಿನ ಲೈನಿಂಗು, ಹಿಂದಿನ ಕಬ್ಬಿಣದ ಪ್ಲೇಟು ಬಿಟ್ಟು, ಸುಮಾರು 10 ಎಂಎಂ ಇರುತ್ತದೆ ಅನ್ನಿ. ಈಗ 5 ಎಂಎಂ ಉಳಿದಿದೆ. ಪ್ಲೇಟಿನವರೆಗೆ ಲೆಕ್ಕ ಹಾಕಿದರೆ 50 ಪರ್ಸೆಂಟ್ ಇದೆ. 3 ಎಂಎಂಗೆ ಬದಲಿಸಬೇಕು ಅಂತ ಹಿಡಿದರೆ ಬಳಸುವಂಥದ್ದು 7ರಲ್ಲಿ 2 ಮಾತ್ರ, ಅಂದರೆ 30 ಪರ್ಸೆಂಟ್ ಕೂಡ ಇಲ್ಲ. ಅದೇ ಪ್ಯಾಡು, ಹೇಳುವವನಿಗೆ ಬೇಕಾದ ಹಾಗೆ ಅರ್ಧ ಅಥವಾ ಕಾಲು. ಎಂಎಂ ಕೇಳಿದರೆ ಚಕ್ರ ಬಿಚ್ಚಲೇಬೇಕು, ದಪ್ಪ ಅಳೆಯುವ ವರ್ನಿಯರ್ ಹಿಡಿಯಲೇಬೇಕು. ನಾನು 3 ಎಂಎಂ ಕೆಳಗೆ ಓಡಿಸುವುದಿಲ್ಲ. ಹಿಂದೆ ಮಕ್ಕಳುಮರಿ ಕೂತಿರುತ್ತಾರೆ. ಪ್ಯಾಡ್ ಉಳಿಸುವುದು ಬೇರೆ, ಬ್ರೇಕ್ ಜೊತೆ ಆಟ ಆಡುವುದು ಬೇರೆ.

ಅವತ್ತು ಎದುರಿಗೇ ನಿಂತು ಬಿಚ್ಚಿಸಿದೆ. ಹೊರಗಿನ ಎರಡೂ 7ರ ಹತ್ತಿರ. ಎಡಗಡೆ ಒಳಗಿನದು ಆರೂವರೆ. ಬಲಗಡೆ ಒಳಗಿನದು ಮಾತ್ರ ನಾಲ್ಕೂವರೆ. ಅಂದರೆ ಮುಗಿದಿದ್ದು ಪ್ಯಾಡ್ ಅಲ್ಲ, ಬಲಗಡೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಜಾರಾಡುವ ಪಿನ್ ಜಾಮ್ ಆಗಿತ್ತು. ಕೈಯಲ್ಲಿ ಎಳೆದರೂ ಬರಲಿಲ್ಲ, ಗ್ರಿಪ್ ಪ್ಲೈಯರಿನಲ್ಲಿ ತಿರುಗಿಸಿ ತಿರುಗಿಸಿ ತೆಗೆಯಬೇಕಾಯಿತು. ಮೇಲೆ ಕಂದು ಬಣ್ಣದ ಅಂಟು, ರಬ್ಬರ್ ಬೂಟು ಊದಿಕೊಂಡು ಮೆತ್ತಗಾಗಿತ್ತು. ಹಿಂದೆ ಯಾರೋ ಚಾಸಿಗೆ ಹೊಡೆಯುವ ಮಾಮೂಲಿ ಗ್ರೀಸನ್ನೇ ಬಳಿದಿದ್ದರು. ಹೊಸ ಪ್ಯಾಡ್ ಹಾಕಿದ್ದರೆ ಅದೂ ಹೀಗೇ ಒಂದು ಕಡೆ ತಿಂದು ಮತ್ತೆ 25 ಸಾವಿರಕ್ಕೆ ಮುಗಿಯುತ್ತಿತ್ತು. ಆಮೇಲೆ "ಘಾಟಿ ಗಾಡಿ, ಅಷ್ಟೇ ಬರೋದು" ಅಂತ ಹೇಳಿಬಿಡುತ್ತಿದ್ದರು. ನಮ್ಮ ಸ್ಟ್ಯಾಂಡಿನ 25 ಸಾವಿರದ ಲೆಕ್ಕ ಹುಟ್ಟಿದ್ದೇ ಹೀಗೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

14 ಸಾವಿರದ ಕೆಲಸ ಬೇಡ ಅಂದೆ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಪಿನ್ ಎರಡೂ ಕಡೆ ಕ್ಲೀನ್ ಮಾಡಿಸಿ, ಹೊಸ ಬೂಟು, ಸಿಲಿಕಾನ್ ಗ್ರೀಸು ಹಾಕಿಸಿದೆ. ಎಲ್ಲ ಸೇರಿ ಸಾವಿರದ ಒಳಗೆ. ಅರ್ಧ ಜೀವ ಹೋಗಿದ್ದ ಆ ಸೆಟ್ಟೇ 40 ಸಾವಿರದ ಹತ್ತಿರ ಬಂತು. ಈಗ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಿನ್ ತೆಗೆದು ಒರೆಸುತ್ತೇನೆ. ಗ್ರೀಸ್ ಹಚ್ಚುವ ಮುಂಚೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಲಿಯೋಕೆ ನನಗೆ ದುಡ್ಡು ಖರ್ಚಾಗಿದೆ.

ಇಳಿಜಾರಿನದೂ ಒಂದು ಪ್ರಯೋಗ ಮಾಡಿದೆ. ಎಂಟುನೂರೋ ಒಂಬೈನೂರೋ ಕೊಟ್ಟು ಒಂದು ಟೆಂಪರೇಚರ್ ಗನ್ ತಂದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಕೆಳಗೆ ನಿಲ್ಲಿಸಿ ಡಿಸ್ಕ್‌ಗೆ ಹಿಡಿಯುವುದು. ಹೊಳೆಯುವ ಡಿಸ್ಕ್ ಮೇಲೆ ಅದು ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ, ಹಾಗಾಗಿ ಅಂಕಿಯನ್ನು ನಂಬಬೇಡಿ, ವ್ಯತ್ಯಾಸ ನೋಡಿ. ಮೂರನೇ ಗೇರಲ್ಲಿ ಕಾಲು ಬ್ರೇಕ್ ಮೇಲೇ ಇಟ್ಟು ಬಂದಾಗ 200 ದಾಟಿ ತೋರಿಸಿದ್ದು, ಎರಡನೇ ಗೇರಲ್ಲಿ ಬಂದು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಟ್ಟಾಗ 120-130. ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಮೇಲಿನ ತಿರುವುಗಳಲ್ಲಿ ಒಂದನೇ ಗೇರೇ ಸರಿ. ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತೆ ಅನ್ನುವವರು ಇವತ್ತಿಗೂ ಇದ್ದಾರೆ. ಈಗಿನ ಎಂಜಿನ್ನುಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಕಟ್ ಆಗುತ್ತದೆ. ನ್ಯೂಟ್ರಲ್‌ನಲ್ಲೇ ಐಡ್ಲಿಂಗಿಗೆ ಡೀಸೆಲ್ ಬೇಕು. ಪ್ಯಾಡೂ ಹೋಯಿತು, ಡೀಸೆಲ್ಲೂ ಹೋಯಿತು.

ಆ ಗನ್ನಿನಿಂದ ಇನ್ನೊಂದು ಲಾಭ ಇದೆ. ಎಡ ಬಲ ಡಿಸ್ಕ್ ನಡುವೆ 30-40 ಡಿಗ್ರಿ ವ್ಯತ್ಯಾಸ ಬಂದರೆ ಒಂದು ಕಡೆ ಪಿನ್ನೋ ಪಿಸ್ಟನ್ನೋ ಹಿಡಿದಿದೆ ಅಂತ. ಚಕ್ರ ಬಿಚ್ಚದೇ ಗೊತ್ತಾಗುತ್ತದೆ. ಸ್ಟ್ಯಾಂಡಿನಲ್ಲಿ ಇದೇ ರೀತಿ ಮೂರು ನಾಲ್ಕು ಗಾಡಿ ಹಿಡಿದುಕೊಟ್ಟಿದ್ದೇನೆ.

ಕಮ್ಮಿ ರೇಟಿನ ಪ್ಯಾಡನ್ನು ನನ್ನ ಎರಡನೇ ಗಾಡಿಗೆ ಪರೀಕ್ಷೆಗೆ ಅಂತಲೇ ಹಾಕಿಸಿದ್ದೆ. ಒರಿಜಿನಲ್‌ನ ಅರ್ಧ ಬೆಲೆ. ಮೊದಲ ದಿನದಿಂದ ಕಿರ್ ಅಂತ ಸದ್ದು, ರಿಮ್ ತುಂಬ ಕಪ್ಪು ಪುಡಿ. 15 ಸಾವಿರಕ್ಕೆ ಮುಗಿಯಿತು. ಅದಾದರೂ ಪರವಾಗಿಲ್ಲ, ಡಿಸ್ಕನ್ನೂ ತಿಂದಿತ್ತು. ಲೇತ್‌ನಲ್ಲಿ ಸ್ಕಿಮ್ಮಿಂಗ್ (ಡಿಸ್ಕ್ ಮೇಲ್ಮೈ ಸಮ ಮಾಡುವುದು) ಮಾಡಿಸೋಕೆ ಹೋದ ದುಡ್ಡು, ಗಾಡಿ ನಿಂತ ದಿನದ ಬಾಡಿಗೆ ಸೇರಿಸಿದರೆ ಒರಿಜಿನಲ್ ಪ್ಯಾಡೇ ಅಗ್ಗ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಡಿಸ್ಕ್ ವಿಷಯಕ್ಕೆ ಬಂದರೆ, ಗೆರೆ ಇದ್ದ ಮಾತ್ರಕ್ಕೆ ಅದು ಸತ್ತಿಲ್ಲ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತದೆ, ತುಕ್ಕು ಉಜ್ಜಿ ನೋಡಿ. ವರ್ನಿಯರ್ ನೇರ ಹಿಡಿದರೆ ಅಂಚಿನ ತುಕ್ಕಿನ ದಿಣ್ಣೆಗೆ ಸಿಕ್ಕಿ ತಪ್ಪು ಅಳತೆ ಬರುತ್ತದೆ. ಎರಡೂ ಬದಿ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ನಾನು ಇದನ್ನು ಮಾಡಿದಾಗ ಆ ಗ್ಯಾರೇಜಿನ ಹುಡುಗನೇ ಬಗ್ಗಿ ನೋಡುತ್ತಾ ನಿಂತಿದ್ದ. ಅವರು ಬದಲಿಸಿ ಅಂದ ಅದೇ ಡಿಸ್ಕ್ ಇವತ್ತಿಗೂ ಗಾಡಿಯಲ್ಲಿದೆ, ಮಿತಿಗಿಂತ ಮೇಲೇ ಇದೆ.

ಆದರೆ ಅವತ್ತಿನ ಎಸ್ಟಿಮೇಟಿನಲ್ಲಿ ಫ್ಲೂಯಿಡ್ ಒಂದು ನ್ಯಾಯವಾಗಿತ್ತು, ಅದನ್ನು ಹಾಕಿಸಿದೆ. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ 205 ಡಿಗ್ರಿಗೆ ಮುಂಚೆ ಕುದಿಯಬಾರದು ಅಂತ ಲೆಕ್ಕ, ನೀರು ಹಿಡಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ನಮ್ಮ ಮಲೆನಾಡಿನ ಮಳೆ, ಮೇಲೆ ಘಾಟಿಯ ಬಿಸಿ. ಇಳಿಜಾರಿನ ಮಧ್ಯೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಯಿತು ಅಂದರೆ ಬಹಳ ಸಲ ಕಾರಣ ಫ್ಲೂಯಿಡ್ ಕುದಿದಿದ್ದೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ, ಇದರಲ್ಲಿ ಒಂದು ರೂಪಾಯಿ ಉಳಿಸಲು ನೋಡುವುದಿಲ್ಲ. ಇನ್ನೊಂದು ಮಾತು, ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಫ್ಲೂಯಿಡ್ ಮಟ್ಟ ನಿಧಾನಕ್ಕೆ ಇಳಿಯುತ್ತದೆ. ಇಳಿಯಿತು ಅಂತ ಸುಮ್ಮನೆ ಟಾಪಪ್ ಮಾಡಿಸಬೇಡಿ, ಅದೇ ನಿಮ್ಮ ಮೀಟರ್. ದಿಢೀರನೆ ಇಳಿದರೆ ಲೀಕೇಜ್ ಅಂತ, ಗಾಡಿ ಅಲ್ಲೇ ನಿಲ್ಲಿಸಿ.

ಪಿನ್ ಶುದ್ಧ ಇಟ್ಟು, ಗೇರಲ್ಲಿ ಇಳಿದು, ಎರಡನೇ ಸೆಟ್ಟಿನಲ್ಲಿ ನನಗೆ ಸಿಕ್ಕಿದ್ದು ಒಂದು ಎಂಎಂಗೆ ಹತ್ತಿರ ಹತ್ತಿರ 10 ಸಾವಿರ ಕಿಲೋಮೀಟರ್. ಪ್ರತಿ ಸಲ ಅಳೆದಿದ್ದನ್ನು ಟ್ರಿಪ್ ಶೀಟಿನ ಹಿಂದೆ ಬರೆದಿಡುತ್ತೇನೆ. ಯಾವ ಗ್ಯಾರೇಜಿನವರು ಏನು ಹೇಳಿದರೂ ಆ ಹಾಳೆ ತೆಗೆದು ತೋರಿಸುತ್ತೇನೆ, ಆಮೇಲೆ ಮಾತು ಬೇರೆಯೇ ಆಗುತ್ತದೆ. ಬೇಡ ಅಂದ ಡಿಸ್ಕು, ಶೂ, ಮಧ್ಯೆ ತಪ್ಪಿದ ಒಂದು ಪ್ಯಾಡ್ ಸೆಟ್ಟು, ಎಲ್ಲ ಸೇರಿ 15 ಸಾವಿರದಷ್ಟು ಉಳಿದಿದೆ.

ಅಂದಹಾಗೆ ಆ ಹಿಂದಿನ ಶೂಗಳು ಈಗ 1 ಲಕ್ಷ ಕಿಲೋಮೀಟರ್ ಹತ್ತಿರ ಇವೆ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಮುಂಚೆ ಡ್ರಮ್ ಬಿಚ್ಚಿ ಅಳೆಯುವುದಿದೆ. ಹ್ಯಾಂಡ್ ಬ್ರೇಕ್ ಎಳೆತ ಇತ್ತೀಚೆಗೆ ಒಂದು ಹಲ್ಲು ಜಾಸ್ತಿಯಾಗಿದೆ, ಅಳತೆ ಕಮ್ಮಿ ಬಂದರೆ ಈ ಸಲ ಎರಡೂ ಕಡೆ ಬದಲಿಸುತ್ತೇನೆ.