ಹೊಗೆಯಾಡಿದ ಪವರ್ ಬ್ಯಾಂಕ್: ಬೆಂಕಿ ಆರಿದ ಮೇಲೂ ನೀರು ಸುರಿದಿದ್ದು ಯಾಕೆ?

ನಾನು ಕ್ಯಾಬಿನ್ ಕ್ರೂ. ಬ್ಯಾಟರಿ ಹೊತ್ತಿಕೊಂಡರೆ ಏನು ಮಾಡಬೇಕು ಅಂತ ನಮಗೆ ತರಬೇತಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನಿಂದ ದುಬೈಗೆ ಹೋಗುವ ಒಂದು ರಾತ್ರಿ ವಿಮಾನದಲ್ಲಿ ಅದನ್ನು ನಿಜವಾಗಿಯೇ ಮಾಡಬೇಕಾಯಿತು.

ಊಟದ ಟ್ರೇ ತೆಗೆಯುತ್ತಿದ್ದೆವು. ಕಿಟಕಿ ಪಕ್ಕದ ಹುಡುಗ ಕರೆದು, "ಮೇಡಂ, ಪವರ್ ಬ್ಯಾಂಕ್ ಉಬ್ಬಿಕೊಂಡಿದೆ, ಮುಟ್ಟಕ್ಕೇ ಆಗ್ತಿಲ್ಲ" ಅಂದ. ಕೂಡಲೇ ಹೇಳಿದ್ದು ದೊಡ್ಡ ಉಪಕಾರ. ಆ ಸಾಲಿನವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಸೀಟಿನ ಮೇಲೆ ಹೊಗೆ, ಅದರ ಬೆನ್ನಿಗೇ ಬೆಂಕಿ. ಜೊತೆಯವಳು ಕ್ಯಾಪ್ಟನ್‌ಗೆ ತಿಳಿಸಿದಳು. ನಾನು ಹ್ಯಾಲಾನ್ (ಬೆಂಕಿ ಆರಿಸುವ ಅನಿಲ) ಸಿಲಿಂಡರ್‌ನಿಂದ ಅದರ ಮೇಲೆ ಸಿಂಪಡಿಸಿದೆ. ಜ್ವಾಲೆ ಆರಿತು.

ನೋಡುವವರಿಗೆ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಹ್ಯಾಲಾನ್ ಜ್ವಾಲೆ ಆರಿಸುತ್ತದೆ, ಬ್ಯಾಟರಿಯ ಬಿಸಿ ಇಳಿಸುವುದಿಲ್ಲ. ಒಳಗೆ ಒಂದು ಸೆಲ್ ಕಾದು ಪಕ್ಕದ್ದನ್ನು ಕಾಯಿಸುತ್ತದೆ, ಮತ್ತೆ ಹೊತ್ತಿಕೊಳ್ಳಬಹುದು. ಅದಕ್ಕೇ ಟ್ರಾಲಿಯಲ್ಲಿದ್ದ ನೀರಿನ ಬಾಟಲಿಗಳನ್ನು ಒಂದರ ಹಿಂದೆ ಒಂದು ಸುರಿದೆವು. ಯಾರೋ "ಐಸ್ ಹಾಕಿ" ಅಂದರು. ಐಸ್ ಹಾಕಬಾರದು, ಕಂಬಳಿ ಹೊದಿಸಲೂಬಾರದು. ಬಿಸಿ ಒಳಗೇ ಉಳಿದುಬಿಡುತ್ತದೆ. ಬಿಸಿ ಇರುವಾಗ ಎತ್ತಿಕೊಂಡು ಓಡುವುದಂತೂ ಬೇಡವೇ ಬೇಡ. ಪೂರ್ತಿ ತಣ್ಣಗಾದ ಮೇಲೆ ಗ್ಲೌಸ್ ಹಾಕಿಕೊಂಡು ಅದನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿದೆ. ಕ್ಯಾಪ್ಟನ್ ವಿಮಾನವನ್ನು ಮಸ್ಕತ್‌ಗೆ ತಿರುಗಿಸಿದರು. ಇಳಿಯುವವರೆಗೂ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದೆವು.

ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ ಅನ್ನುವುದು ಇದಕ್ಕೇ. ಕೆಳಗೆ ಲಗೇಜ್ ಇರುವ ಕಡೆ ನೀರು ಸುರಿಯಲು ಯಾರೂ ಇರುವುದಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ದುಬೈನಲ್ಲಿ ಯುಪಿಎಸ್ ಅನ್ನುವ ಕೊರಿಯರ್ ಕಂಪನಿಯ ಸರಕು ವಿಮಾನ ಬಿತ್ತು. ಬೆಂಕಿ ಶುರುವಾದ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. ಇಬ್ಬರು ಪೈಲಟ್‌ಗಳೂ ತೀರಿಕೊಂಡರು.

ಕ್ಯಾಬಿನ್‌ನಲ್ಲೂ ತಲೆಯ ಮೇಲಿನ ಬಿನ್‌ನಲ್ಲಿ, ಅಂದರೆ ಬ್ಯಾಗ್ ಇಡುವ ಗೂಡಿನಲ್ಲಿ, ಇಡಬೇಡಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಶುರುವಾಗಿದ್ದು ಬಿನ್‌ನಲ್ಲಿ. 176 ಜನರೂ ಹೊರಬಂದರು, ವಿಮಾನದ ಚಾವಣಿ ಸುಟ್ಟುಹೋಯಿತು. ತನಿಖೆಯವರ ಅನುಮಾನ ಪವರ್ ಬ್ಯಾಂಕ್ ಮೇಲೆ. ಮುಚ್ಚಿದ ಬಿನ್‌ನಲ್ಲಿ ಹೊಗೆ ಎದ್ದರೂ ಬೇಗ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಕಡೆ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

100 ವ್ಯಾಟ್-ಅವರ್‌ವರೆಗಿನ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ಪವರ್ ಬ್ಯಾಂಕನ್ನು ಸಾಮಾನ್ಯವಾಗಿ ಬಿಡುತ್ತಾರೆ. 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್. ಲೇಬಲ್ ಅಳಿಸಿಹೋಗಿದ್ದರೆ, ಉಬ್ಬಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನೊಂದು. ಫೋನ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಅದು ಜಜ್ಜಿಹೋದರೆ ಬ್ಯಾಟರಿ ಹೊತ್ತಿಕೊಳ್ಳಬಹುದು. ಬೆಲ್ ಒತ್ತಿ, ನಾವು ಬಂದು ತೆಗೆದುಕೊಡುತ್ತೇವೆ.