ಒಂದೇ ಸೂರಿನಡಿ ಎರಡು ಹೆಣ್ಣುನಾಯಿ: ಜಗಳ ತಪ್ಪಿಸಲು ನಾವು ಮಾಡಿದ್ದು

ವಿದ್ಯಾರಣ್ಯಪುರದಲ್ಲಿ 30x40 ಸೈಟಿನ ಮನೆ ನಮ್ಮದು. ಮನೇಲಿ ನಾವು ನಾಲ್ಕು ಜನ, ಜೊತೆಗೆ ಲಚ್ಚಿ, ಬೆಳ್ಳಿ. ಲಚ್ಚಿ ಬೀದಿಯಿಂದ ಬಂದವಳು, ವಯಸ್ಸು ಹತ್ತು ದಾಟಿದೆ. ಬೆಳ್ಳಿ ಮುಧೋಳ ತಳಿಯವಳು. ಇಬ್ಬರಿಗೂ ಮರಿಯಾಗದ ಹಾಗೆ ಮಾಡಿಸುವ ಆಪರೇಷನ್ ಆಗಿರಲಿಲ್ಲ. ಲಚ್ಚಿಗೆ ಹೃದಯದ ಕವಾಟದ ತೊಂದರೆ ಇರುವುದರಿಂದ, ತೀರಾ ಅನಿವಾರ್ಯವಾದರೆ ಮಾತ್ರ ಅರಿವಳಿಕೆ ಕೊಡೋಣ ಎಂದಿದ್ದರು ಡಾಕ್ಟರು. ಬೆಳ್ಳಿಯ ಮೈ ಪೂರ್ತಿ ಬಲಿಯಲಿ ಅಂತ ಕಾಯುತ್ತಿದ್ದೆವು.

ಮರಿಯಾಗಿದ್ದಾಗ ಬೆಳ್ಳಿ ಏನು ಮಾಡಿದರೂ ಲಚ್ಚಿ ಸಹಿಸಿಕೊಳ್ಳುತ್ತಿದ್ದಳು. ಬೆಳ್ಳಿಗೆ ಎರಡು ವರ್ಷ ಆಗುತ್ತಾ ಬಂದಾಗ ಗಾಳಿ ಬದಲಾಯಿತು. ನಾಯಿಗಳಿಗೆ ಬುದ್ಧಿ ಬಲಿಯುವುದು ಸುಮಾರಾಗಿ ಒಂದೂವರೆಯಿಂದ ಮೂರು ವರ್ಷದೊಳಗೆ. ಅಲ್ಲಿಯವರೆಗೆ ಬಿಟ್ಟುಕೊಡುತ್ತಿದ್ದ ಹುಡುಗಿ ಆಮೇಲೆ ಬಿಟ್ಟುಕೊಡುವುದಿಲ್ಲ. ಒಂದೇ ಮನೆಯ ನಾಯಿಗಳ ಜಗಳಗಳಲ್ಲಿ ಹೆಣ್ಣು-ಹೆಣ್ಣಿನ ಜಗಳವೇ ಹೆಚ್ಚು ತೀವ್ರ ಎಂಬುದು ಪಶುವೈದ್ಯರಿಗೆಲ್ಲ ಗೊತ್ತಿರುವ ಮಾತು. ಗಂಡುಗಳದ್ದು ಬಹಳ ಸಲ ಸದ್ದಿಗೇ ಮುಗಿಯುತ್ತದೆ, ಹೆಣ್ಣುಗಳದ್ದು ಕಚ್ಚಿ ಹಿಡಿಯುವ ಮಟ್ಟಕ್ಕೆ ಹೋಗುತ್ತದೆ.

ನಮ್ಮ ಅಮ್ಮನೂ ಸೇರಿ ಎಲ್ಲರೂ ಹೇಳಿದ್ದು ಒಂದೇ: "ಇಬ್ಬರನ್ನೂ ಬಿಟ್ಬಿಡೇ, ಒಂದ್ಸಲ ಕಿತ್ತಾಡ್ಕೊಂಡು ತಾವೇ ಸರಿಹೋಗ್ತಾವೆ." ಈ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ಒಂದೊಂದು ಜಗಳವೂ ಮುಂದಿನ ಜಗಳಕ್ಕೆ ದಾರಿ ಮಾಡಿಕೊಡುತ್ತದೆ. ಕಚ್ಚಿಸಿಕೊಂಡವಳು ಅದನ್ನು ಮರೆಯುವುದಿಲ್ಲ.

ಮೊದಲು ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಎಲ್ಲೋ ನೋವಿದೆಯಾ ಅಂತ ನೋಡಬೇಕು. ಲಚ್ಚಿಯ ಹಿಂಗಾಲಿನ ಕೀಲುಗಳು ಸವೆದಿದ್ದವು. ಬೆಳ್ಳಿ ಓಡಿಬಂದು ಮೈಗೆ ತಾಗಿದರೆ ಅವಳಿಗೆ ನಿಜವಾಗಿಯೂ ನೋಯುತ್ತಿತ್ತು. ಡಾಕ್ಟರು ನೋವಿಗೆ ಔಷಧಿ ಕೊಟ್ಟರು, ನಾವು ಜಾರುವ ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿದೆವು. ಗುರುಗುಟ್ಟುವುದು ಅಷ್ಟಕ್ಕೇ ಎಷ್ಟೋ ಕಡಿಮೆಯಾಯಿತು. (ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ.)

ಎರಡನೆಯದು, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ, ಕ್ಯಾಲೆಂಡರ್. ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಲಚ್ಚಿಗೆ ಕೆಂಪು ಇಂಕು, ಬೆಳ್ಳಿಗೆ ನೀಲಿ. ಯಾರು ಯಾವಾಗ ಹೀಟ್‌ಗೆ (ಬೆದೆಗೆ) ಬಂದರು, ಯಾವತ್ತು ದಿಟ್ಟಿಸಿ ನೋಡಿದರು, ಯಾವತ್ತು ಗುರುಗುಟ್ಟಿದರು ಎಲ್ಲ ಬರೆದೆ. ಕೆಲವು ತಿಂಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತಾಳೆ. ರಕ್ತ ಕಾಣುವ ದಿನಗಳು ಸುಮಾರು ಒಂಬತ್ತು, ಗಂಡನ್ನು ಬಿಟ್ಟುಕೊಳ್ಳುವ ದಿನಗಳು ಇನ್ನೂ ಸುಮಾರು ಒಂಬತ್ತು, ಒಟ್ಟು ಹೆಚ್ಚುಕಡಿಮೆ ಮೂರು ವಾರದ ಲೆಕ್ಕ. ಎಲ್ಲರೂ ಅಷ್ಟಕ್ಕೇ ನಿಶ್ಚಿಂತರಾಗುತ್ತಾರೆ. ಆದರೆ ಅದಾದ ಮೇಲಿನ ಎರಡು ತಿಂಗಳು, ಗರ್ಭ ನಿಂತಿರಲಿ ಬಿಡಲಿ, ಪ್ರೊಜೆಸ್ಟರಾನ್ ಹಾರ್ಮೋನು ಮೈಯಲ್ಲಿ ಏರಿಯೇ ಇರುತ್ತದೆ. ಅದು ಇಳಿಯುವಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ. ಆಗ ಕೆಲವರಿಗೆ ಸುಳ್ಳು ಬಸಿರು ಬರುತ್ತದೆ. ನಮ್ಮ ಮನೆಯ ಕೆಟ್ಟ ಗುರುತುಗಳೆಲ್ಲ ಹೆಚ್ಚಾಗಿ ಬಿದ್ದಿದ್ದು ಆ ವಾರಗಳಲ್ಲೇ.

ಸುಳ್ಳು ಬಸಿರು ಹೇಗಿರುತ್ತದೆ ಅಂದರೆ, ಬೆಳ್ಳಿ ನನ್ನ ಮಗನ ಒಂದು ಕಾಲುಚೀಲವನ್ನು ಹಲ್ಲು ತಾಗದ ಹಾಗೆ ಕಚ್ಚಿಕೊಂಡು ದಿವಾನದ ಕೆಳಗೆ ಸೇರುತ್ತಿದ್ದಳು. ಅಲ್ಲಿ ಹಳೆ ಬೆಡ್‌ಶೀಟ್ ಕೆರೆದು ಗೂಡು ಮಾಡಿ, ಕಾಲುಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಮೊಲೆಗಳು ಊದಿ ಹಾಲು ಜಿನುಗುತ್ತಿತ್ತು. ಲಚ್ಚಿ ಹಾಲ್‌ನಲ್ಲಿ ಸುಮ್ಮನೆ ಹಾದುಹೋದರೂ ದಿವಾನದ ಕೆಳಗಿಂದ ಗುರ್ ಎನ್ನುವ ಸದ್ದು. ಅವಳ ಪಾಲಿಗೆ ಅದು ಮರಿ, ಕಾಯಲೇಬೇಕು. ಅದಕ್ಕೆ ಬೈದರೆ ಪ್ರಯೋಜನವಿಲ್ಲ. ಅವಳು ವಾಕಿಂಗ್ ಹೋದಾಗ ಮಾತ್ರ ಗೂಡು ತೆಗೆಯುತ್ತಿದ್ದೆವು, ಕಣ್ಣೆದುರಿಗೆ ಕಿತ್ತುಕೊಳ್ಳುತ್ತಿರಲಿಲ್ಲ. ಮೊಲೆ ಮುಟ್ಟುವುದು, ಹಿಂಡುವುದು ಮಾಡಲಿಲ್ಲ, ಮಾಡಿದರೆ ಹಾಲು ಹೆಚ್ಚುತ್ತದೆ. ನಡಿಗೆ ಜಾಸ್ತಿ ಮಾಡಿದೆವು. ಸುಳ್ಳು ಬಸಿರಿನ ಕಾಟ ಜಾಸ್ತಿಯಾದರೆ ಕ್ಯಾಬರ್ಗೋಲಿನ್ ಎಂಬ ಔಷಧಿ ಇದೆ, ಅದನ್ನು ಡಾಕ್ಟರೇ ಕೊಡಬೇಕು.

ಗುರುತು ಸಿಕ್ಕಮೇಲೆ ಮನೆಯನ್ನೇ ಎರಡು ಭಾಗ ಮಾಡಿದೆವು. ಬಡಗಿಯನ್ನು ಕರೆಸಿ ಹಾಲ್‌ಗೂ ಹಿಂದಿನ ರೂಮಿಗೂ ನಡುವೆ ಎದೆಮಟ್ಟದ ಮರದ ಗೇಟು ಕೂರಿಸಿದೆವು. "ಮೇಡಂ, ಇಷ್ಟೆತ್ತರ ಯಾಕೆ, ಮಗೂಗಾ?" ಅಂತ ಕೇಳಿದ. ಬೆಳ್ಳಿ ನಿಂತಲ್ಲೇ ಚಿಮ್ಮುವುದನ್ನು ತೋರಿಸಿದೆ, ಇನ್ನೂ ಒಂದು ಪಟ್ಟಿ ಸೇರಿಸಿಕೊಟ್ಟ. ಗೇಟಿನ ಕೆಳಭಾಗಕ್ಕೆ ಪ್ಲೈವುಡ್ ಹೊಡೆಸಿದ್ದು ತುಂಬಾ ಉಪಯೋಗಕ್ಕೆ ಬಂತು. ಸಂದಿಯಿಂದ ಒಬ್ಬರನ್ನೊಬ್ಬರು ದಿಟ್ಟಿಸುತ್ತಾ ಮಲಗಿದರೆ ಬೇರೆಯಿಟ್ಟೂ ಫಲವಿಲ್ಲ. ಕೆಂಪು, ನೀಲಿ ಯಾವುದೇ ಹೀಟ್ ಶುರುವಾದ ದಿನದಿಂದ ಗೇಟು ಹಾಕಿ, ಪಾಳಿಯ ಮೇಲೆ ಹಾಲ್, ಟೆರೇಸು, ನಮ್ಮ ಜೊತೆಗಿನ ಸಮಯ ಹಂಚುತ್ತಿದ್ದೆವು. ಹೊತ್ತು ಮುಗಿದಾಗ ಒಬ್ಬರನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಮೇಲೆಯೇ ಇನ್ನೊಬ್ಬರನ್ನು ಬಿಡುವುದು. ಮನೆಯವರೆಲ್ಲ ಒಂದೇ ಕ್ರಮ ಪಾಲಿಸಬೇಕು. ನಮ್ಮ ಮನೆಯವರು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದರು: "ಹೊರಗೆ ಯಾರಿದ್ದಾರೆ?"

ಹೀಟ್ ಇಲ್ಲದ ದಿನಗಳಲ್ಲೂ ಕೆಲವು ಜಾಗ, ಕೆಲವು ಹೊತ್ತು ಅಪಾಯವೇ. ಅಡುಗೆಮನೆ ಬಾಗಿಲು, ಮೆಟ್ಟಿಲ ತಿರುವು, ನಾವು ಮನೆಗೆ ಬರುವ ಹೊತ್ತು, ಊಟ. ನಮ್ಮಲ್ಲಿ ಊಟ ಬೇರೆ ಬೇರೆ ಕೋಣೆಯಲ್ಲಿ, ತಟ್ಟೆ ಎತ್ತಿಟ್ಟ ಮೇಲೆ ಗೇಟು ತೆರೆಯುವುದು. ಜಗಳಕ್ಕೆ ಮುಂಚಿನ ಗುರುತು ಸದ್ದಲ್ಲ, ಮೌನ. ಬೆಳ್ಳಿಯ ಬಾಯಿ ಮುಚ್ಚಿಕೊಳ್ಳುತ್ತದೆ, ಕತ್ತು ಲಚ್ಚಿಯ ಭುಜದ ಮಟ್ಟಕ್ಕೆ ಇಳಿಯುತ್ತದೆ, ಬಾಲ ಅಲ್ಲಾಡದೆ ನಿಲ್ಲುತ್ತದೆ. ಆ ಕ್ಷಣ ನಾನು ಕಿರುಚದೆ ಲವಲವಿಕೆಯಿಂದ "ಬೆಳ್ಳೀ, ಬಾ ಬಾ" ಎಂದು ಇನ್ನೊಂದು ಕಡೆ ನಡೆಯುತ್ತೇನೆ. ಬಂದರೆ ಒಂದು ಚೂರು ಬೇಯಿಸಿದ ಕೋಳಿ. ಗುರುಗುಟ್ಟಿದ್ದಕ್ಕೆ ಮಾತ್ರ ಯಾವತ್ತೂ ಗದರಿಸಬೇಡಿ. ಗುರುಗುಟ್ಟುವುದನ್ನು ಬಿಡಿಸಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚುತ್ತಾಳೆ.

ಬೆಳ್ಳಿ ಹೀಟ್‌ಗೆ ಬಂದಾಗ ಬೀದಿಯ ಗಂಡುನಾಯಿಗಳು ಗೇಟಿನ ಮುಂದೆ ಠಿಕಾಣಿ ಹೂಡುತ್ತವೆ. ಅವುಗಳ ಗಲಾಟೆಗೆ ಒಳಗಿನ ಇಬ್ಬರೂ ಕೆರಳಿ, ಹೊರಗಿನ ಸಿಟ್ಟನ್ನು ಪಕ್ಕದವಳ ಮೇಲೆ ತೀರಿಸಿಕೊಳ್ಳುತ್ತಾರೆ. ಕಾಂಪೌಂಡ್ ಗೇಟಿಗೆ ಒಳಗಿಂದ ಶೀಟ್ ಹೊಡೆಸಿದೆವು. ವಾಕಿಂಗನ್ನು ಬೆಳಗಿನ ಜಾವಕ್ಕೆ ಬದಲಾಯಿಸಿದೆವು, ಒಬ್ಬೊಬ್ಬರನ್ನೇ, ಚಿಕ್ಕ ಹಗ್ಗದಲ್ಲಿ.

ಜಗಳ ಹತ್ತಿಕೊಂಡೇ ಬಿಟ್ಟರೆ ನಡುವೆ ಕೈ ಹಾಕಬೇಡಿ. ಕೊರಳಪಟ್ಟಿ ಹಿಡಿಯಲು ಹೋದ ಕೈಗೇ ಮೊದಲು ಕಚ್ಚು ಬೀಳುವುದು. ನಾವು ಹಾಲ್‌ನ ಮೂಲೆಯಲ್ಲಿ ಒಂದು ದಪ್ಪ ಕಂಬಳಿ, ಒಂದು ಪ್ಲೈವುಡ್ ಹಲಗೆ ಇಟ್ಟಿದ್ದೇವೆ. ಕಂಬಳಿ ಎಸೆದು, ಸ್ವಲ್ಪ ಸಡಿಲವಾದ ಕೂಡಲೇ ಹಲಗೆ ನಡುವೆ ತೂರಿಸುವುದು. ನಂತರ ಇಬ್ಬರ ಕೂದಲನ್ನೂ ಬಿಡಿಸಿ ಬಿಡಿಸಿ ನೋಡುತ್ತೇವೆ. ಕೋರೆಹಲ್ಲಿನ ಗಾಯ ಮೇಲೆ ಸಾಸಿವೆಯಷ್ಟು ಕಂಡರೂ ಒಳಗೆ ಆಳವಾಗಿರುತ್ತದೆ, ಕೀವಾಗುತ್ತದೆ. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಮನುಷ್ಯರಿಗೆ ಕಚ್ಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ.

ಬೆಳ್ಳಿಗೆ ಕೊನೆಗೆ ಆಪರೇಷನ್ ಮಾಡಿಸಿದೆವು. ಹೀಟ್ ಮುಗಿದು ಸುಮಾರು ಮೂರು ತಿಂಗಳು ಕಾದು, ಹಾಲು ಪೂರ್ತಿ ಬತ್ತಿದ ಮೇಲೆ. ಸುಳ್ಳು ಬಸಿರಿನ ನಡುವೆ ಮಾಡಿಸಿದರೆ ಪ್ರೊಜೆಸ್ಟರಾನ್ ಒಮ್ಮೆಲೇ ಕುಸಿದು ಅದೇ ಲಕ್ಷಣಗಳು ಬಹಳ ದಿನ ಉಳಿದುಬಿಡುವ ಸಂಭವವಿದೆ. ಆಪರೇಷನ್ ಆದ ಮೇಲೆ ಹೀಟ್ ಏರಿಳಿತದ ಜಗಳ ನಿಂತಿತು, ಗೂಡು ಕಟ್ಟುವುದು ನಿಂತಿತು. ಹಳೆಯ ಮನಸ್ತಾಪ ಅದರಿಂದ ಹೋಗಲಿಲ್ಲ, ಹೋಗುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಊಟ ಈಗಲೂ ಬೇರೆ ಕೋಣೆಯಲ್ಲೇ. ನಾವು ಮನೆಯಲ್ಲಿಲ್ಲದಾಗ ಗೇಟು ಹಾಕಿಯೇ ಇರುತ್ತದೆ.

ಕೆಂಪು ಇಂಕು ಮಾತ್ರ ಮುಂದುವರಿದಿದೆ. ನಾಯಿಗಳಿಗೆ ಹೀಟ್ ನಿಲ್ಲುವ ವಯಸ್ಸು ಅಂತಿಲ್ಲ, ಅಂತರ ಹೆಚ್ಚಬಹುದು ಅಷ್ಟೇ. ಲಚ್ಚಿಯ ಹೀಟ್ ಮುಗಿದ ಮೇಲಿನ ಎರಡು ತಿಂಗಳು ಅವಳ ನೀರನ್ನು ಅಳೆದು ಹಾಕುತ್ತೇನೆ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವುದು ಹೆಚ್ಚಾಗಿ ಆ ಅವಧಿಯಲ್ಲಿ. ನೀರು ವಿಪರೀತ ಕುಡಿದರೆ, ಊಟ ಬಿಟ್ಟರೆ, ಹಿಂದಿನಿಂದ ಕೀವಿನಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಅದು ಬಂದರೆ ಹೃದಯದ ತೊಂದರೆ ಇದ್ದರೂ ಆಪರೇಷನ್ ಮಾಡಲೇಬೇಕಾಗಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದಾರೆ. ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರನ್ನು ಕ್ಯಾಲೆಂಡರಿನ ಮೇಲೆಯೇ ಬರೆದಿಟ್ಟಿದ್ದೇನೆ.